ಹ್ಯಾಲೋವೀನ್ ಹಬ್ಬದ ಹುಟ್ಟು

ಋತು ಬದಲಾಗುವ ಸಮಯಕ್ಕೆ ಸರಿಯಾಗಿ ಹಬ್ಬವೊಂದು ಬರುವುದು ಬಹುಮಟ್ಟಿಗೆ ಎಲ್ಲ ದೇಶಗಳಲ್ಲಿಯೂ ಕಂಡುಬರುವ ಸಂಗತಿ. ಪೈರು ಮನೆಗೆ ಬಂದಾಗ ಒಂದು ಹಬ್ಬ, ಮಳೆ ಹಿಂದೆಗೆದಾಗ ಒಂದು ಹಬ್ಬ, ಚಳಿ ಕಾಲಿಡುವಾಗ ಒಂದು ಹಬ್ಬ. ಪಶ್ಚಿಮದ ಕೆಲವು ದೇಶಗಳಲ್ಲಿ ಶರತ್ಕಾಲ ಮುಗಿದು ಚಳಿಗಾಲ ತೊಡಗುವ ಹೊತ್ತಿಗೆ, ಅಕ್ಟೋಬರ್ 31ರ ರಾತ್ರಿ, ಆಚರಿಸುವ ಹಬ್ಬಕ್ಕೆ ಹ್ಯಾಲೋವೀನ್ ಎಂದು ಹೆಸರು. ಅಂದು ಮಕ್ಕಳು ದೆವ್ವ, ಅಸ್ಥಿಪಂಜರ, ಮಾಟಗಾತಿ ಮುಂತಾದ ವೇಷ ಹಾಕಿಕೊಂಡು ಮನೆಮನೆಗೆ ಹೋಗಿ ಸಿಹಿತಿಂಡಿ ಕೇಳುತ್ತಾರೆ. ಮನೆಯ ಮುಂದೆ ಸಿಹಿಗುಂಬಳದೊಳಗಿನ ತಿರುಳನ್ನು ತೆಗೆದು, ಅದಕ್ಕೆ ಕಣ್ಣು, ಮೂಗು, ಹಲ್ಲುಗಳನ್ನು ಕೊರೆದು, ಒಳಗೆ ದೀಪವಿಡುತ್ತಾರೆ.

ನಮ್ಮ ವಿದ್ಯಾರ್ಥಿಗಳು ಈ ಹಬ್ಬವನ್ನು ದೂರದರ್ಶನದಲ್ಲಿಯೋ ಮೊಬೈಲ್ ಫೋನಿನಲ್ಲಿಯೋ ನೋಡಿರುತ್ತಾರೆ. ‘ಇದು ಎಲ್ಲಿಂದ ಬಂತು?’ ಎಂದು ಕೇಳಿದರೆ ಮೂರು ಬಗೆಯ ಉತ್ತರಗಳು ಸಿಗುತ್ತವೆ. ಎರಡು ಸಾವಿರ ವರ್ಷಗಳ ಹಿಂದಿನ ಪ್ರೇತಪೂಜೆ ಎಂದು ಒಬ್ಬರು ಹೇಳುತ್ತಾರೆ. ಕ್ರೈಸ್ತರ ಹಬ್ಬ ಎಂದು ಇನ್ನೊಬ್ಬರು. ಅಮೆರಿಕದ ವ್ಯಾಪಾರಿಗಳು ಕಟ್ಟಿದ್ದು ಎಂದು ಮತ್ತೊಬ್ಬರು. ಮೂರರಲ್ಲಿಯೂ ಸ್ವಲ್ಪ ಸ್ವಲ್ಪ ಸತ್ಯವಿದೆ. ಯಾವುದೊಂದೂ ಪೂರ್ಣ ಸತ್ಯವಲ್ಲ. ಈ ಹಬ್ಬದ ಕತೆಯಲ್ಲಿ ಬರಹದಿಂದ ತಿಳಿದುಬಂದದ್ದು ಎಷ್ಟು, ಅನಂತರದವರ ಊಹೆ ಎಷ್ಟು ಎಂಬುದನ್ನು ಬೇರ್ಪಡಿಸಿ ನೋಡುವುದೇ ಈ ಲೇಖನದ ಉದ್ದೇಶ. ಇತಿಹಾಸವನ್ನು ಓದುವ ಕ್ರಮವೂ ಇದರಿಂದ ಸ್ವಲ್ಪಮಟ್ಟಿಗೆ ತಿಳಿಯುತ್ತದೆ.

ಹೆಸರಿನ ಅರ್ಥ

ಮೊದಲು ಹೆಸರನ್ನು ನೋಡೋಣ. ಹಳೆಯ ಇಂಗ್ಲಿಷಿನಲ್ಲಿ ‘ಹ್ಯಾಲೋ’ ಎಂದರೆ ಪವಿತ್ರನಾದವನು, ಸಂತ. ನವೆಂಬರ್ 1 ಕ್ರೈಸ್ತರಿಗೆ ಸರ್ವಸಂತರ ದಿನ. ಅದರ ಹಿಂದಿನ ಸಂಜೆ ‘ಆಲ್ ಹ್ಯಾಲೋಸ್ ಈವನ್’, ಎಂದರೆ ಸರ್ವಸಂತರ ದಿನದ ಮುನ್ಸಂಜೆ. ಈ ಉದ್ದನೆಯ ಹೆಸರು ಬಾಯಿಂದ ಬಾಯಿಗೆ ಸವೆದು ‘ಹ್ಯಾಲೋವೀನ್’ ಆಯಿತು. ಸ್ಕಾಟ್ಲೆಂಡಿನ ಕವಿ ರಾಬರ್ಟ್ ಬರ್ನ್ಸ್ 1785ರಲ್ಲಿ ಇದೇ ಹೆಸರಿನ ಒಂದು ದೀರ್ಘ ಕವನ ಬರೆದನು. ಅದು 1786ರಲ್ಲಿ ಅಚ್ಚಾಯಿತು. ಹಳ್ಳಿಯ ಯುವಕ ಯುವತಿಯರು ಆ ರಾತ್ರಿ ಬೆಂಕಿಯಲ್ಲಿ ಬೀಜಗಳನ್ನು ಸುಟ್ಟು ಮದುವೆಯ ಭವಿಷ್ಯ ನೋಡುತ್ತಿದ್ದುದೇ ಮೊದಲಾದ ಅನೇಕ ಪದ್ಧತಿಗಳು ಅದರಲ್ಲಿ ದಾಖಲಾಗಿವೆ.

ಹಬ್ಬದ ಹೆಸರು ಕ್ರೈಸ್ತ ಪಂಚಾಂಗದ್ದು ಎಂಬುದು ಇದರಿಂದ ಸ್ಪಷ್ಟ. ಆದರೆ ಹೆಸರಿಗಿಂತ ಹಬ್ಬ ಹಳೆಯದಾಗಿರಬಹುದಲ್ಲವೆ? ಈ ಪ್ರಶ್ನೆ ನಮ್ಮನ್ನು ಐರ್ಲೆಂಡಿಗೆ ಕರೆದೊಯ್ಯುತ್ತದೆ.

ಚಳಿಗಾಲದ ಬಾಗಿಲು

ಐರ್ಲೆಂಡಿನ ಪ್ರಾಚೀನ ಜನರು ವರ್ಷವನ್ನು ನಾಲ್ಕು ಭಾಗ ಮಾಡಿಕೊಂಡಿದ್ದರು. ಫೆಬ್ರವರಿ, ಮೇ, ಆಗಸ್ಟ್, ನವೆಂಬರ್ ತಿಂಗಳುಗಳ ಮೊದಲ ದಿನಗಳು ಅವರ ನಾಲ್ಕು ಹಬ್ಬಗಳು. ನವೆಂಬರಿನ ಹಬ್ಬಕ್ಕೆ ‘ಸೌವಿನ್’ ಎಂದು ಹೆಸರು. ಐರಿಷ್ ಭಾಷೆಯಲ್ಲಿ ನವೆಂಬರ್ ತಿಂಗಳಿಗೆ ಇಂದಿಗೂ ಇದೇ ಹೆಸರು. ಕನ್ನಡದ ಕಿವಿಗೆ ಇದು ‘ಸಾವಿನ’ ಎಂದು ಕೇಳಿಸಿದರೂ ಸಾವಿಗೂ ಈ ಶಬ್ದಕ್ಕೂ ಯಾವ ಸಂಬಂಧವೂ ಇಲ್ಲ. ‘ಬೇಸಿಗೆಯ ಕೊನೆ’ ಎಂದು ಮಧ್ಯಯುಗದ ಐರಿಷ್ ಪಂಡಿತರು ಅದಕ್ಕೆ ಅರ್ಥ ಹೇಳಿದರು. ‘ಕೂಡುವಿಕೆ, ಸಭೆ’ ಎಂಬ ಅರ್ಥದ ಮೂಲದಿಂದ ಅದು ಬಂದಿರಬೇಕೆಂದು ಇಂದಿನ ಕೆಲವು ಭಾಷಾಶಾಸ್ತ್ರಜ್ಞರ ಅಭಿಪ್ರಾಯ. ಸೌವಿನ್ ಎಂಬುದು ಸಾವಿನ ದೇವತೆಯ ಹೆಸರು ಎಂದು ಕೆಲವು ಪುಸ್ತಕಗಳಲ್ಲಿ ಬರೆದಿರುವುದುಂಟು, ಅದು ತಪ್ಪು. ಅಂಥ ದೇವತೆ ಹಳೆಯ ಐರಿಷ್ ಗ್ರಂಥಗಳಲ್ಲಿ ಇಲ್ಲ.

ಆ ದಿನಕ್ಕೆ ಏಕೆ ಅಷ್ಟು ಮಹತ್ವ ಎಂಬುದನ್ನು ತಿಳಿಯಲು ಭೂಗೋಳದ ಪಾಠ ನೆನಪಿರಬೇಕು. ಕಾಸರಗೋಡು ಭೂಮಧ್ಯರೇಖೆಯಿಂದ ಉತ್ತರಕ್ಕೆ ಸುಮಾರು 12½ ಡಿಗ್ರಿಯಲ್ಲಿದೆ. ಐರ್ಲೆಂಡಿನ ರಾಜಧಾನಿ ಡಬ್ಲಿನ್ 53 ಡಿಗ್ರಿಗಿಂತ ಸ್ವಲ್ಪ ಮೇಲೆ. ನಮ್ಮಲ್ಲಿ ಡಿಸೆಂಬರಿನ ಅತ್ಯಂತ ಚಿಕ್ಕ ಹಗಲೂ ಸುಮಾರು 11 ಗಂಟೆ 20 ನಿಮಿಷ ಇರುತ್ತದೆ. ಡಬ್ಲಿನ್ನಿನಲ್ಲಿ ಜೂನ್ ತಿಂಗಳ ಹಗಲು 17 ಗಂಟೆಯಷ್ಟು ದೀರ್ಘ. ಡಿಸೆಂಬರಿನಲ್ಲಿ ಅದು ಏಳೂವರೆ ಗಂಟೆಗೆ ಇಳಿಯುತ್ತದೆ. ಅಕ್ಟೋಬರ್ ಕೊನೆಗೆ ಬರುವಾಗ ಹಗಲು ಹತ್ತು ಗಂಟೆಗಿಂತ ಕಡಿಮೆಯಾಗಿ, ದಿನದಿಂದ ದಿನಕ್ಕೆ ಕತ್ತಲೆ ಬೆಳೆಯುತ್ತಿರುತ್ತದೆ. ವಿದ್ಯುದ್ದೀಪವಿಲ್ಲದ ಕಾಲದಲ್ಲಿ ಆ ಕತ್ತಲೆ ಎಂಥದಾಗಿದ್ದಿರಬೇಕೆಂದು ಊಹಿಸಬಹುದು.

ಅಲ್ಲಿಯ ಜನರಿಗೆ ದನಕರುಗಳೇ ಸಂಪತ್ತು. ಮೇ ತಿಂಗಳಲ್ಲಿ ಗುಡ್ಡದ ಹುಲ್ಲುಗಾವಲಿಗೆ ಅಟ್ಟಿದ ದನಗಳನ್ನು ಸೌವಿನ್ ಹೊತ್ತಿಗೆ ಮರಳಿ ಕೊಟ್ಟಿಗೆಗೆ ತರುತ್ತಿದ್ದರು. ಕೂಡಿಟ್ಟ ಮೇವು ಎಷ್ಟು ದನಗಳಿಗೆ ಸಾಕಾಗುತ್ತದೆಂದು ಲೆಕ್ಕ ಹಾಕಿ, ಉಳಿದವನ್ನು ಕಡಿದು, ಮಾಂಸಕ್ಕೆ ಉಪ್ಪು ಹಾಕಿ ಚಳಿಗಾಲಕ್ಕೆ ಇಡುತ್ತಿದ್ದರು. ಮನೆಯಲ್ಲಿ ಯಾರು ಮುಂದಿನ ವಸಂತವನ್ನು ನೋಡುತ್ತಾರೆ, ಯಾರು ನೋಡುವುದಿಲ್ಲ ಎಂಬ ಚಿಂತೆಯೂ ಅದೇ ಹೊತ್ತಿನಲ್ಲಿ ಬರುವುದು ಸಹಜ. ಮುದುಕರಿಗೂ ಎಳೆಯ ಮಕ್ಕಳಿಗೂ ಚಳಿಗಾಲವೇ ಅಪಾಯದ ಕಾಲ. ಹೀಗಾಗಿ ಈ ಹಬ್ಬದಲ್ಲಿ ಸಮೃದ್ಧಿಯ ಸಂತೋಷವೂ ಕತ್ತಲೆಯ ಭಯವೂ ಒಟ್ಟಿಗೆ ಇವೆ.

ಹಬ್ಬ ಹಗಲಿನಲ್ಲಿ ತೊಡಗದೆ ಹಿಂದಿನ ಸಂಜೆಯೇ ತೊಡಗುವುದಕ್ಕೂ ಕಾರಣವಿದೆ. ಇಂದಿನ ಫ್ರಾನ್ಸ್ ಪ್ರದೇಶದಲ್ಲಿದ್ದ ಗಾಲ್ ಜನರು ಐರಿಷರಂತೆಯೇ ಕೆಲ್ಟಿಕ್ ಭಾಷಾವರ್ಗಕ್ಕೆ ಸೇರಿದವರು. ಅವರು ಕಾಲವನ್ನು ಹಗಲುಗಳಿಂದಲ್ಲ, ರಾತ್ರಿಗಳಿಂದ ಎಣಿಸುತ್ತಿದ್ದರೆಂದು ರೋಮಿನ ಜೂಲಿಯಸ್ ಸೀಸರ್ ಬರೆದಿದ್ದಾನೆ. ಸೂರ್ಯಾಸ್ತವಾದೊಡನೆ ಅವರಿಗೆ ಹೊಸ ದಿನ. ಕ್ರೈಸ್ತ ದೇವಾಲಯಗಳಲ್ಲಿಯೂ ದೊಡ್ಡ ಹಬ್ಬಗಳ ಆರಾಧನೆ ಹಿಂದಿನ ಸಂಜೆಯೇ ತೊಡಗುವ ರೂಢಿಯಿತ್ತು.

ಹಳೆಯ ಕಥೆಗಳು ಹೇಳುವುದೇನು?

ಸೌವಿನ್ ಬಗ್ಗೆ ನಮಗಿರುವ ಮುಖ್ಯ ಆಧಾರ ಹಳೆಯ ಐರಿಷ್ ಕಥೆಗಳು. ಒಂದು ಕಥೆಯಲ್ಲಿ ಅಲ್ಸ್ಟರ್ ನಾಡಿನ ಜನರು ಸೌವಿನ್ ದಿನ, ಅದರ ಹಿಂದಿನ ಮೂರು ದಿನ, ಮುಂದಿನ ಮೂರು ದಿನ, ಹೀಗೆ ಏಳು ದಿನ ಒಂದೆಡೆ ಸೇರಿ ಸಭೆ, ಆಟ, ಔತಣಗಳಲ್ಲಿ ಕಳೆಯುತ್ತಿದ್ದರೆಂದು ಹೇಳಿದೆ. ನಮ್ಮ ಜಾತ್ರೆಗಳನ್ನು ನೆನಪಿಗೆ ತರುವ ವರ್ಣನೆ ಇದು.

ಇನ್ನೊಂದು ಕಥೆ ತಾರಾ ಎಂಬ ರಾಜಧಾನಿಯದು. ಆಲೆನ್ ಎಂಬ ಮಾಯಾವಿ ಪ್ರತಿ ವರ್ಷ ಸೌವಿನ್ ರಾತ್ರಿ ಗುಡ್ಡದೊಳಗಿನ ಮಾಯಾಲೋಕದಿಂದ ಹೊರಬರುತ್ತಿದ್ದನು. ಅವನ ಸಂಗೀತ ಕೇಳಿದವರೆಲ್ಲ ನಿದ್ದೆಹೋಗುತ್ತಿದ್ದರು. ಕಾವಲುಗಾರರೂ ಮಲಗಿದ ಮೇಲೆ ಅವನು ಬಾಯಿಂದ ಬೆಂಕಿ ಉಗುಳಿ ಅರಮನೆಯನ್ನು ಸುಡುತ್ತಿದ್ದನು. ಕೊನೆಗೆ ಫಿನ್ ಎಂಬ ಯುವಕ ಕಾವಲಿಗೆ ನಿಂತನು. ನಿದ್ದೆ ಬಾರದಂತೆ ಅವನು ಮಂತ್ರಶಕ್ತಿಯ ಈಟಿಯ ಮೊನೆಯನ್ನು ತನ್ನ ಹಣೆಗೆ ಒತ್ತಿಕೊಂಡು ಎಚ್ಚರವಾಗಿದ್ದು, ಆಲೆನನನ್ನು ಕೊಂದು ರಾಜಧಾನಿಯನ್ನು ಉಳಿಸಿದನು. ಸೌವಿನ್ ರಾತ್ರಿ ಈ ಲೋಕಕ್ಕೂ ಮಾಯಾಲೋಕಕ್ಕೂ ನಡುವಿನ ಬಾಗಿಲು ತೆರೆಯುತ್ತದೆಂಬ ನಂಬಿಕೆ ಇಂಥ ಕಥೆಗಳಲ್ಲಿ ಕಾಣುತ್ತದೆ.

ಇಲ್ಲಿ ಒಂದು ವಿಷಯವನ್ನು ಗಮನಿಸಬೇಕು. ಈ ಕಥೆಗಳನ್ನು ಬರೆದಿಟ್ಟವರು ಕ್ರೈಸ್ತ ಮಠಗಳ ಸನ್ಯಾಸಿಗಳು ಹಾಗೂ ಅವರ ನಂತರದ ಕ್ರೈಸ್ತ ಲಿಪಿಕಾರರು. ಐರ್ಲೆಂಡಿಗೆ ಕ್ರೈಸ್ತಧರ್ಮ ಬಂದದ್ದು ಐದನೆಯ ಶತಮಾನದಲ್ಲಿ. ಕಥೆಗಳು ಬರವಣಿಗೆಗೆ ಬಂದದ್ದು ಅದಾಗಿ ಕೆಲವು ನೂರು ವರ್ಷಗಳ ಮೇಲೆ. ಅದಕ್ಕೂ ಹಿಂದಿನ ಐರಿಷ್ ಜನರು ಕಲ್ಲುಗಳ ಮೇಲೆ ಓಘಂ ಎಂಬ ಗೆರೆಗಳ ಲಿಪಿಯಲ್ಲಿ ಹೆಸರುಗಳನ್ನು ಕೆತ್ತಿದ್ದಾರೆಯೇ ಹೊರತು ತಮ್ಮ ಪೂಜೆ, ಪದ್ಧತಿಗಳನ್ನು ಬರೆದಿಡಲಿಲ್ಲ. ಹೀಗಾಗಿ ‘ಎರಡು ಸಾವಿರ ವರ್ಷಗಳ ಹಿಂದೆ ಸೌವಿನ್ ರಾತ್ರಿ ಹೀಗೆ ಪೂಜೆ ಮಾಡುತ್ತಿದ್ದರು, ಹೀಗೆ ವೇಷ ಹಾಕುತ್ತಿದ್ದರು’ ಎಂದು ಯಾರಾದರೂ ವಿವರವಾಗಿ ಹೇಳಿದರೆ, ಆ ಮಾತಿಗೆ ಆ ಕಾಲದ ಬರಹದ ಆಧಾರವಿಲ್ಲ ಎಂದು ತಿಳಿಯಬೇಕು.

ಹಾಗಾದರೆ ‘ಪ್ರೇತಗಳ ಹಬ್ಬ’ ಎಂಬ ಮಾತು ಎಲ್ಲಿಂದ ಬಂತು? ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಜಾನ್ ರೀಸ್ ಎಂಬ ವಿದ್ವಾಂಸರು ಸೌವಿನ್ ಕೆಲ್ಟ್ ಜನರ ಹೊಸವರ್ಷವೆಂದು ಹೇಳಿದರು. ‘ದಿ ಗೋಲ್ಡನ್ ಬೌ’ ಎಂಬ ಪ್ರಸಿದ್ಧ ಗ್ರಂಥವನ್ನು 1890ರಿಂದ ಹೊರತಂದ ಜೇಮ್ಸ್ ಫ್ರೇಜರ್ ಅದು ಸತ್ತವರ ಹಬ್ಬವೂ ಆಗಿತ್ತೆಂದು ವಾದಿಸಿದರು. ಅವರ ಊಹೆಯನ್ನು ಮುಂದಿನವರು ನಿಶ್ಚಿತವಾದ ಸಂಗತಿಯೆಂಬಂತೆ ಬರೆಯುತ್ತ ಬಂದರು. ಇಂಗ್ಲೆಂಡಿನ ಇತಿಹಾಸಕಾರ ರೊನಾಲ್ಡ್ ಹಟನ್ 1996ರ ತಮ್ಮ ಗ್ರಂಥದಲ್ಲಿ ಆಧಾರಗಳನ್ನೆಲ್ಲ ಮತ್ತೆ ಪರಿಶೀಲಿಸಿ, ಸೌವಿನ್ ದೊಡ್ಡ ಹಬ್ಬವಾಗಿದ್ದುದು ನಿಜ, ಆ ರಾತ್ರಿ ಮಾಯಾಶಕ್ತಿಗಳ ಭಯವಿದ್ದುದೂ ನಿಜ, ಆದರೆ ಅದು ಸತ್ತವರ ಹಬ್ಬವಾಗಿತ್ತೆಂಬುದಕ್ಕೆ ಹಳೆಯ ಐರಿಷ್ ಗ್ರಂಥಗಳಲ್ಲಿ ಆಧಾರ ಸಾಲದು ಎಂದು ತೋರಿಸಿದರು.

ಸಂತರ ದಿನ, ಆತ್ಮಗಳ ದಿನ

ಸತ್ತವರ ಸ್ಮರಣೆ ಈ ಹಬ್ಬಕ್ಕೆ ಸ್ಪಷ್ಟವಾಗಿ ಬಂದು ಸೇರುವುದು ಕ್ರೈಸ್ತ ದೇವಾಲಯದ ಕಡೆಯಿಂದ. ರೋಮ್ ನಗರದ ಪ್ಯಾಂಥಿಯನ್ ಎಂಬ ಪ್ರಾಚೀನ ದೇಗುಲವನ್ನು ನಾಲ್ಕನೆಯ ಬೋನಿಫೇಸ್ ಪೋಪರು ಕ್ರಿ.ಶ. 609ರ ಸುಮಾರಿಗೆ, ಮೇ 13ರಂದು, ಮೇರಿಮಾತೆಗೂ ಎಲ್ಲ ಧರ್ಮವೀರರಿಗೂ ಅರ್ಪಿಸಿದರು. ನವೆಂಬರ್ 1ರ ಹಬ್ಬ ಎಂಟನೆಯ ಶತಮಾನದ ಕೊನೆಯ ಹೊತ್ತಿಗೆ ಕೆಲವೆಡೆ ಕಾಣಿಸಿಕೊಂಡು, 835ರ ಸುಮಾರಿಗೆ ಚಕ್ರವರ್ತಿ ಲೂಯಿಯ ಕಾಲದಲ್ಲಿ ಪಶ್ಚಿಮ ಯೂರೋಪಿನ ದೊಡ್ಡ ಭಾಗದಲ್ಲಿ ಸ್ಥಿರವಾಯಿತು.

‘ಸೌವಿನ್ ಹಬ್ಬವನ್ನು ಅಳಿಸುವುದಕ್ಕಾಗಿಯೇ ಪೋಪರು ಸಂತರ ದಿನವನ್ನು ನವೆಂಬರಿಗೆ ತಂದರು’ ಎಂಬ ಮಾತನ್ನು ಅನೇಕ ಕಡೆ ಓದುತ್ತೇವೆ. ಕೇಳಲು ತರ್ಕಬದ್ಧವಾಗಿದೆ. ಆದರೆ ಒಂಬತ್ತನೆಯ ಶತಮಾನದ ಆರಂಭದ ಐರಿಷ್ ಕ್ರೈಸ್ತ ಪಂಚಾಂಗಗಳನ್ನು ನೋಡಿದರೆ, ಐರ್ಲೆಂಡಿನವರು ಆಗ ಸರ್ವಸಂತರ ದಿನವನ್ನು ಏಪ್ರಿಲ್ 20ರಂದು ಆಚರಿಸುತ್ತಿದ್ದರು! ನವೆಂಬರ್ 1ನ್ನು ಮೊದಲು ಹಿಡಿದವರು ಇಂಗ್ಲೆಂಡ್, ಜರ್ಮನಿ ಕಡೆಯವರು. ಸೌವಿನ್ ಆಚರಿಸುತ್ತಿದ್ದ ನಾಡಿನಲ್ಲಿಯೇ ಆ ದಿನಾಂಕ ಇರಲಿಲ್ಲವೆಂದ ಮೇಲೆ ಆ ವಾದ ದುರ್ಬಲವಾಗುತ್ತದೆ. ಒಂದು ಚಿಕ್ಕ ದಿನಾಂಕ ದೊಡ್ಡ ವಾದವನ್ನು ಹೇಗೆ ಅಲುಗಾಡಿಸಬಲ್ಲದು ಎಂಬುದಕ್ಕೆ ಇದು ಒಳ್ಳೆಯ ಉದಾಹರಣೆ.

ಕ್ರಿ.ಶ. 1000ದ ಸುಮಾರಿಗೆ ಫ್ರಾನ್ಸಿನ ಕ್ಲೂನಿ ಎಂಬ ಮಠದ ಅಧಿಪತಿ ಓಡಿಲೊ, ತೀರಿಹೋದ ಎಲ್ಲ ಭಕ್ತರ ಆತ್ಮಗಳಿಗಾಗಿ ನವೆಂಬರ್ 2ರಂದು ಪ್ರಾರ್ಥಿಸಬೇಕೆಂದು ತನ್ನ ಅಧೀನದ ಮಠಗಳಿಗೆ ವಿಧಿಸಿದನು. ಈ ಆಚರಣೆ ಕ್ರಮೇಣ ಎಲ್ಲೆಡೆ ಹಬ್ಬಿತು. ಸಂತರು ಸ್ವರ್ಗ ಸೇರಿದವರು. ಅವರಿಗೆ ಒಂದು ದಿನ. ನಮ್ಮ ನಿಮ್ಮಂತೆ ಸಾಮಾನ್ಯರಾಗಿ ಬಾಳಿ ಹೋದವರಿಗೆ ಇನ್ನೊಂದು ದಿನ. ನಮ್ಮ ಕಾಸರಗೋಡಿನ ಕಡೆಯ ಕೆಥೊಲಿಕ್ ಕುಟುಂಬಗಳೂ ನವೆಂಬರ್ 2ರಂದು ಹಿರಿಯರ ಸಮಾಧಿಗಳನ್ನು ಶುಚಿಗೊಳಿಸಿ, ಹೂವಿಟ್ಟು, ಮೊಂಬತ್ತಿ ಹಚ್ಚಿ ಪ್ರಾರ್ಥಿಸುವುದನ್ನು ನಾವು ನೋಡುತ್ತೇವೆ. ಹ್ಯಾಲೋವೀನ್ ಗದ್ದಲದ ಹಬ್ಬ, ಇದು ಮೌನದ ಹಬ್ಬ; ಆದರೂ ಪಂಚಾಂಗದಲ್ಲಿ ಎರಡೂ ಅಕ್ಕಪಕ್ಕದ ಮನೆಗಳು.

ಮೆಕ್ಸಿಕೋ ದೇಶದಲ್ಲಿ ಇದೇ ಎರಡು ದಿನಗಳು ‘ಸತ್ತವರ ದಿನ’ವೆಂಬ ದೊಡ್ಡ ಹಬ್ಬವಾಗಿವೆ. ಅಲ್ಲಿ ಹಿರಿಯರ ಚಿತ್ರಗಳ ಮುಂದೆ ಅವರಿಗೆ ಪ್ರಿಯವಾದ ತಿನಿಸುಗಳನ್ನಿಟ್ಟು, ಕಿತ್ತಳೆ ಬಣ್ಣದ ಚೆಂಡುಹೂಗಳಿಂದ ಅಲಂಕರಿಸುತ್ತಾರೆ. ಯುನೆಸ್ಕೋ ಸಂಸ್ಥೆ 2008ರಲ್ಲಿ ಇದನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು. ನಾವು ಆಯುಧಪೂಜೆಗೂ ದೀಪಾವಳಿಗೂ ಕಟ್ಟುವ ಚೆಂಡುಹೂವಿನ ತವರು ಕೂಡ ಅದೇ ಮೆಕ್ಸಿಕೋ ಎಂಬುದು ಸ್ವಾರಸ್ಯದ ಸಂಗತಿ.

ಮನೆಯಿಂದ ಮನೆಗೆ

ಮಕ್ಕಳು ಮನೆಮನೆಗೆ ಹೋಗಿ ತಿಂಡಿ ಕೇಳುವ ಪದ್ಧತಿಯ ಬೇರು ಈ ಆತ್ಮಗಳ ದಿನದಲ್ಲಿಯೂ ಇದೆ. ಮಧ್ಯಯುಗದ ಇಂಗ್ಲೆಂಡಿನಲ್ಲಿ ಆ ದಿನಗಳಲ್ಲಿ ಬಡವರು ಮನೆಬಾಗಿಲಿಗೆ ಬಂದು, ಆ ಮನೆಯಲ್ಲಿ ತೀರಿಹೋದವರಿಗಾಗಿ ಪ್ರಾರ್ಥಿಸುವುದಾಗಿ ಹೇಳುತ್ತಿದ್ದರು. ಮನೆಯವರು ಪ್ರತಿಯಾಗಿ ‘ಆತ್ಮದ ರೊಟ್ಟಿ’ ಎಂದು ಕರೆಯುವ ಸಣ್ಣ ಸಿಹಿರೊಟ್ಟಿಗಳನ್ನು ಕೊಡುತ್ತಿದ್ದರು. ಬಡವನ ಹೊಟ್ಟೆಗೆ ರೊಟ್ಟಿ, ಹಿರಿಯರ ಆತ್ಮಕ್ಕೆ ಪ್ರಾರ್ಥನೆ: ಇಬ್ಬರಿಗೂ ಗೌರವವುಳ್ಳ ವಿನಿಮಯವಿದು. ಷೇಕ್ಸ್‌ಪಿಯರನ ‘ಟೂ ಜಂಟಲ್‌ಮೆನ್ ಆಫ್ ವೆರೋನಾ’ ನಾಟಕದಲ್ಲಿಯೂ ಸಂತರ ದಿನದಂದು ಬೇಡುವವನ ಹೋಲಿಕೆ ಬರುತ್ತದೆ.

ಹದಿನಾರನೆಯ ಶತಮಾನದಲ್ಲಿ ಪ್ರಾಟೆಸ್ಟೆಂಟ್ ಮತಸುಧಾರಣೆಯಾಯಿತು. ಜೀವಂತರ ಪ್ರಾರ್ಥನೆಯಿಂದ ಸತ್ತವರಿಗೆ ಸಹಾಯವಾಗುತ್ತದೆಂಬ ನಂಬಿಕೆಯನ್ನು ಸುಧಾರಕರು ಒಪ್ಪಲಿಲ್ಲ. ಆ ರಾತ್ರಿ ಆತ್ಮಗಳಿಗಾಗಿ ಗಂಟೆ ಬಾರಿಸುವುದನ್ನು ಇಂಗ್ಲೆಂಡಿನಲ್ಲಿ ನಿಷೇಧಿಸಿದರು. 1605ರಲ್ಲಿ ಪಾರ್ಲಿಮೆಂಟನ್ನು ಸಿಡಿಮದ್ದಿನಿಂದ ಉರುಳಿಸುವ ಸಂಚು ಬಯಲಾದ ಮೇಲೆ, ನವೆಂಬರ್ 5ರಂದು ಬೆಂಕಿ ಹಾಕಿ ಆಚರಿಸುವ ಬೇರೊಂದು ಹಬ್ಬವೂ ಅಲ್ಲಿ ಬೆಳೆಯಿತು. ಆದರೆ ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ಹ್ಯಾಲೋವೀನ್ ಬಲವಾಗಿಯೇ ಉಳಿಯಿತು. ಸ್ಕಾಟ್ಲೆಂಡಿನಲ್ಲಿ ಯುವಕರು ವೇಷ ಹಾಕಿ, ಮುಖಕ್ಕೆ ಮಸಿ ಬಳಿದುಕೊಂಡು ಮನೆಗಳಿಗೆ ಹೋಗಿ, ಹಾಡಿಯೋ ಕುಣಿದೋ ಹಣ್ಣು, ಕಾಸು ಪಡೆಯುತ್ತಿದ್ದರು. ಸುಮ್ಮನೆ ಕೈಯೊಡ್ಡುವ ಕ್ರಮವಿರಲಿಲ್ಲ. ಏನಾದರೊಂದು ಕಲೆ ತೋರಿಸಲೇಬೇಕು.

ಐರ್ಲೆಂಡಿನ ಮನೆಗಳಲ್ಲಿ ಆ ರಾತ್ರಿ ಒಣದ್ರಾಕ್ಷಿ ಹಾಕಿದ ‘ಬಾರ್ಮ್‌ಬ್ರ್ಯಾಕ್’ ಎಂಬ ರೊಟ್ಟಿ ಮಾಡುತ್ತಿದ್ದರು, ಇಂದಿಗೂ ಮಾಡುತ್ತಾರೆ. ಅದರೊಳಗೆ ಒಂದು ಉಂಗುರ, ಒಂದು ನಾಣ್ಯ, ಒಂದು ಬಟ್ಟೆಯ ಚೂರು ಇಟ್ಟಿರುತ್ತಾರೆ. ಉಂಗುರ ಸಿಕ್ಕಿದವರಿಗೆ ಮದುವೆ, ನಾಣ್ಯ ಸಿಕ್ಕಿದವರಿಗೆ ಹಣ, ಬಟ್ಟೆಯ ಚೂರು ಸಿಕ್ಕಿದವರಿಗೆ ಬಡತನ! ನೀರಿನ ಪಾತ್ರೆಯಲ್ಲಿ ತೇಲುವ ಸೇಬನ್ನು ಕೈ ತಾಗಿಸದೆ ಬಾಯಿಯಿಂದಲೇ ಹಿಡಿಯುವುದು ಮಕ್ಕಳ ಆಟ.

ವೇಷದವನು ಮನೆಬಾಗಿಲಿಗೆ ಬರುವ ಈ ಪದ್ಧತಿಯನ್ನು ಓದುವಾಗ ನಮಗೆ ಆಟಿಕಳೆಂಜನ ನೆನಪಾಗದೆ ಇರದು. ಮಳೆ ಸುರಿಯುವ ಆಟಿ ತಿಂಗಳ ಕಷ್ಟಕಾಲದಲ್ಲಿ ಎಳೆಯ ತೆಂಗಿನ ಗರಿಯ ಉಡುಗೆ ಉಟ್ಟು, ಓಲೆಯ ಛತ್ರ ತಿರುಗಿಸುತ್ತ ಮನೆಯಂಗಳಕ್ಕೆ ಬರುವ ಕಳೆಂಜ, ಊರಿನ ಮಾರಿಯನ್ನು ಕಳೆದು ಅಕ್ಕಿ, ತೆಂಗಿನಕಾಯಿ ಪಡೆದು ಹೋಗುತ್ತಾನೆ. ಹಾಗೆಂದು ಇದು ಅಲ್ಲಿಂದ ಬಂತು, ಅದು ಇಲ್ಲಿಂದ ಹೋಯಿತು ಎಂದು ಹೇಳುವಂತಿಲ್ಲ. ಹೋಲಿಕೆ ಬೇರೆ, ಸಂಬಂಧ ಬೇರೆ. ಕಷ್ಟದ ಕಾಲ ಎದುರಾದಾಗ ಭಯವನ್ನು ವೇಷ ಕಟ್ಟಿ ಕುಣಿಸುವುದು, ಇದ್ದವರಿಂದ ಇಲ್ಲದವರಿಗೆ ಅನ್ನ ಸೇರುವಂತೆ ಮಾಡುವುದು, ಮನುಷ್ಯರು ಎಲ್ಲೆಡೆ ಕಂಡುಕೊಂಡ ದಾರಿ.

ಗೆಡ್ಡೆಯೊಳಗಿನ ದೀಪ

ರಾತ್ರಿ ಜೌಗು ನೆಲದ ಮೇಲೆ ಒಮ್ಮೊಮ್ಮೆ ಮಂದವಾದ ಬೆಳಕು ಕಂಡು ಮಾಯವಾಗುವುದಂತೆ. ನಾವು ಇದನ್ನು ಕೊಳ್ಳಿದೆವ್ವ ಎನ್ನುತ್ತೇವೆ. ಕೊಳೆತ ಸಸ್ಯಗಳಿಂದ ಹೊರಡುವ ಅನಿಲಗಳು ಇದಕ್ಕೆ ಕಾರಣವೆಂದು ಸಾಮಾನ್ಯವಾಗಿ ವಿವರಿಸುತ್ತಾರೆ. ಇಂಗ್ಲಿಷರು ಇದಕ್ಕೆ ಕೊಟ್ಟ ಹೆಸರುಗಳಲ್ಲೊಂದು ‘ಲಾಂದ್ರದ ಜ್ಯಾಕ್’. ಐರ್ಲೆಂಡಿನಲ್ಲಿ ಇದಕ್ಕೆ ಒಂದು ಕಥೆಯೂ ಇದೆ. ಜ್ಯಾಕ್ ಎಂಬ ಜಿಪುಣ ಸೈತಾನನನ್ನೇ ಮೋಸಗೊಳಿಸಿ, ತನ್ನನ್ನು ನರಕಕ್ಕೆ ಒಯ್ಯಬಾರದೆಂದು ಮಾತು ಪಡೆದನು. ಸತ್ತ ಮೇಲೆ ಸ್ವರ್ಗದವರು ಅವನನ್ನು ಸೇರಿಸಲಿಲ್ಲ. ಕೊಟ್ಟ ಮಾತಿನಂತೆ ನರಕದವರೂ ಸೇರಿಸಲಿಲ್ಲ. ಸೈತಾನ ಎಸೆದ ಒಂದು ಕೆಂಡವನ್ನು ಕೊರೆದ ಗೆಡ್ಡೆಯೊಳಗಿಟ್ಟುಕೊಂಡು ಅವನು ಇನ್ನೂ ಅಲೆಯುತ್ತಿದ್ದಾನಂತೆ.

ಐರ್ಲೆಂಡ್, ಸ್ಕಾಟ್ಲೆಂಡ್‌ಗಳಲ್ಲಿ ದೀಪಕ್ಕಾಗಿ ಕೊರೆಯುತ್ತಿದ್ದುದು ಟರ್ನಿಪ್ ಎಂಬ ಗೆಡ್ಡೆಯನ್ನು. ಅದು ಗಟ್ಟಿಯಾದುದರಿಂದ ಕೊರೆಯುವುದು ಕಷ್ಟ. ಆದರೆ ಕೊರೆದು ಒಣಗಿದ ಗೆಡ್ಡೆಯ ಮುಖ ನಿಜವಾಗಿಯೂ ಭಯಂಕರ. ಡೊನೆಗಾಲ್ ಎಂಬ ಜಿಲ್ಲೆಯ ಒಂದು ಹಳ್ಳಿಯ ಶಾಲಾ ಶಿಕ್ಷಕಿಯೊಬ್ಬರು, ಇಂಥ ದೀಪಗಳನ್ನು ಈಗ ಯಾರೂ ಮಾಡುತ್ತಿಲ್ಲವೆಂದು ಒಂದನ್ನು 1943ರಲ್ಲಿ ಐರ್ಲೆಂಡಿನ ರಾಷ್ಟ್ರೀಯ ವಸ್ತುಸಂಗ್ರಹಾಲಯಕ್ಕೆ ಕೊಟ್ಟರು. ಅದರ ಪಡಿಯಚ್ಚು ಇಂದಿಗೂ ಅಲ್ಲಿ ಪ್ರದರ್ಶನದಲ್ಲಿದೆ.

ಕಡಲು ದಾಟಿದ ಹಬ್ಬ

ಈ ಹಬ್ಬ ಅಮೆರಿಕಕ್ಕೆ ಹೋದ ಕತೆ ದುಃಖದ ಕತೆಯೂ ಹೌದು. ಐರ್ಲೆಂಡಿನ ಬಡವರ ಮುಖ್ಯ ಆಹಾರ ಬಟಾಟೆ. 1845ರಲ್ಲಿ ಬಟಾಟೆ ಬೆಳೆಗೆ ಶಿಲೀಂಧ್ರದಂಥ ಒಂದು ರೋಗ ತಗಲಿ, ಗದ್ದೆಗದ್ದೆಗಳೇ ಕೊಳೆತುಹೋದವು. 1852ರವರೆಗೂ ಮುಂದುವರಿದ ಕ್ಷಾಮದಲ್ಲಿ ಸುಮಾರು ಹತ್ತು ಲಕ್ಷ ಜನ ಸತ್ತರು. ಹತ್ತು ಲಕ್ಷಕ್ಕೂ ಹೆಚ್ಚು ಮಂದಿ ದೇಶ ಬಿಟ್ಟರು. 1841ರ ಜನಗಣತಿಯಲ್ಲಿ ಐರ್ಲೆಂಡಿನ ಜನಸಂಖ್ಯೆ ಸುಮಾರು 82 ಲಕ್ಷವಿತ್ತೆಂಬುದನ್ನು ನೆನೆದರೆ ಆಪತ್ತಿನ ಗಾತ್ರ ತಿಳಿಯುತ್ತದೆ. ಹಡಗು ಹತ್ತಿದ ಬಡವರ ಗಂಟಿನಲ್ಲಿ ಹೆಚ್ಚೇನೂ ಇರಲಿಲ್ಲ. ಹಾಡು, ಕಥೆ, ಹಬ್ಬಗಳಿಗೆ ಮಾತ್ರ ಸಾಗಣೆಯ ವೆಚ್ಚವಿಲ್ಲ. ಅವು ಅವರೊಂದಿಗೆ ಹೋದವು. ಸ್ಕಾಟ್ಲೆಂಡಿನಿಂದ ವಲಸೆ ಹೋದವರೂ ತಮ್ಮ ಪದ್ಧತಿಗಳನ್ನು ಕೊಂಡೊಯ್ದರು.

ಅಮೆರಿಕದಲ್ಲಿ ಅವರಿಗೆ ಟರ್ನಿಪ್ಪಿಗಿಂತ ದೊಡ್ಡದೂ ಮೆದುವೂ ಆದ ಸಿಹಿಗುಂಬಳ ಸಿಕ್ಕಿತು. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅದೇ ಈ ಹಬ್ಬದ ಗುರುತಾಯಿತು. ನಮ್ಮ ಕರಾವಳಿಯಲ್ಲಿ ನಾವು ‘ಚೀನಿಕಾಯಿ’ ಎಂದು ಕರೆಯುವ ಸಿಹಿಗುಂಬಳವೂ ಮೂಲತಃ ಅಮೆರಿಕ ಖಂಡದ್ದೇ. ಹೆಸರಿನಲ್ಲಿ ಚೀನ ಇದ್ದರೂ ಅದರ ತವರು ಚೀನವಲ್ಲ. ಹೆಸರನ್ನು ನಂಬಿ ಮೂಲವನ್ನು ಹೇಳಬಾರದೆಂಬುದಕ್ಕೆ ನಮ್ಮ ಅಡುಗೆಮನೆಯಲ್ಲಿಯೇ ಸಾಕ್ಷಿಯಿದೆ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಅಲ್ಲಿಯ ಹುಡುಗರ ಕೀಟಲೆ ಮಿತಿಮೀರಿತು. ಬೇಲಿಯ ಗೇಟು ಕಿತ್ತೊಯ್ಯುವುದು, ಕಿಟಕಿ ಒಡೆಯುವುದು ನಡೆಯುತ್ತಿತ್ತು. ಮಿನೆಸೋಟ ರಾಜ್ಯದ ಅನೋಕ ಎಂಬ ಊರಿನವರು 1920ರಲ್ಲಿ ಬೈಗುಳಕ್ಕೆ ಬದಲಾಗಿ ಮಕ್ಕಳಿಗಾಗಿ ಒಂದು ಮೆರವಣಿಗೆಯನ್ನೇ ಏರ್ಪಡಿಸಿದರು. ‘ಟ್ರಿಕ್ ಆರ್ ಟ್ರೀಟ್’, ಎಂದರೆ ‘ತಿಂಡಿ ಕೊಡುತ್ತೀರೋ, ಕೀಟಲೆ ಮಾಡಲೋ’ ಎಂಬ ಮಾತು 1920ರ ದಶಕದಲ್ಲಿ ಕೆನಡಾದ ಪತ್ರಿಕೆಗಳಲ್ಲಿ ಕಾಣಿಸುತ್ತದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಕ್ಕರೆಗೆ ಪಡಿತರ ಬಂದುದರಿಂದ ಹಬ್ಬ ಸಪ್ಪೆಯಾಯಿತು. ಯುದ್ಧ ಮುಗಿದ ಮೇಲೆ, 1950ರ ದಶಕದಲ್ಲಿ, ಅದು ಇಂದಿನ ರೂಪದಲ್ಲಿ ಎಲ್ಲೆಡೆ ಹಬ್ಬಿತು. ಮಿಠಾಯಿ ಮತ್ತು ವೇಷಭೂಷಣಗಳ ಕಂಪೆನಿಗಳಿಗೆ ಒಳ್ಳೆಯ ವ್ಯಾಪಾರವೂ ಆಯಿತು. 1950ರಲ್ಲಿಯೇ ಫಿಲಡೆಲ್ಫಿಯ ನಗರದ ಮಕ್ಕಳು ಮಿಠಾಯಿಗೆ ಬದಲಾಗಿ ಬೇರೆ ದೇಶಗಳ ಕಷ್ಟದಲ್ಲಿರುವ ಮಕ್ಕಳಿಗಾಗಿ ಕಾಸು ಕೇಳಿ, ಸೇರಿದ ಹಣವನ್ನು ಯುನಿಸೆಫ್ ಸಂಸ್ಥೆಗೆ ಕಳುಹಿಸಿದರು. ಈ ಪದ್ಧತಿಯೂ ಮುಂದೆ ಬೆಳೆಯಿತು. ಆತ್ಮದ ರೊಟ್ಟಿಯ ಹಳೆಯ ಅರ್ಥ ಹೀಗೆ ಹೊಸ ರೂಪದಲ್ಲಿ ಮರಳಿ ಬಂದಂತಾಯಿತು.

ಶಾಲಾ ಮಕ್ಕಳು ಬರೆದಿಟ್ಟ ಇತಿಹಾಸ

ಐರ್ಲೆಂಡಿನ ಹಳ್ಳಿಗಳ ಹ್ಯಾಲೋವೀನ್ ಪದ್ಧತಿಗಳು ಇಷ್ಟು ವಿವರವಾಗಿ ತಿಳಿದುಬಂದಿರುವುದರಲ್ಲಿ ಅಲ್ಲಿಯ ಶಾಲಾ ಮಕ್ಕಳ ಪಾಲು ದೊಡ್ಡದು.

ಅಲ್ಲಿಯ ಸರಕಾರ 1935ರಲ್ಲಿ ಐರಿಷ್ ಜಾನಪದ ಆಯೋಗವನ್ನು ಸ್ಥಾಪಿಸಿತು. 1937ರಿಂದ 1939ರವರೆಗೆ ಪ್ರಾಥಮಿಕ ಶಾಲೆಗಳ ಮೇಲಿನ ತರಗತಿಗಳ ಮಕ್ಕಳಿಗೆ ಒಂದು ಕೆಲಸ ಕೊಟ್ಟರು: ಮನೆಯ ಹಾಗೂ ನೆರೆಯ ಹಿರಿಯರನ್ನು ಕೇಳಿ, ಅವರು ಹೇಳಿದ ಕಥೆ, ಹಬ್ಬ, ಮದ್ದು, ಆಟ, ಗಾದೆಗಳನ್ನು ಬರೆದು ತರುವುದು. ಸುಮಾರು 5,000 ಶಾಲೆಗಳ 50,000ಕ್ಕೂ ಹೆಚ್ಚು ಮಕ್ಕಳು ಇದರಲ್ಲಿ ಸೇರಿದರು. ಹೇಳಿದವರು ಯಾರು, ಯಾವ ಊರಿನವರು ಎಂಬುದನ್ನೂ ಜೊತೆಗೆ ಬರೆದರು. ಮಕ್ಕಳ ಬರಹ ಪುಸ್ತಕಗಳೂ ಅವುಗಳಿಂದ ಆರಿಸಿ ನಕಲು ಮಾಡಿದ ಸಂಪುಟಗಳೂ ಸೇರಿ ಸುಮಾರು 7,40,000 ಪುಟಗಳಾದವು. ಇಂದು ಅವು ಡಬ್ಲಿನ್ನಿನ ವಿಶ್ವವಿದ್ಯಾನಿಲಯದಲ್ಲಿ ಭದ್ರವಾಗಿವೆ. ಹನ್ನೊಂದರಿಂದ ಹದಿನಾಲ್ಕು ವಯಸ್ಸಿನ ಮಕ್ಕಳು ಬರೆದ ಆ ಪುಟಗಳನ್ನು ಇಂದು ದೊಡ್ಡ ವಿದ್ವಾಂಸರೂ ಆಧಾರವಾಗಿ ಉಪಯೋಗಿಸುತ್ತಾರೆ.

ಹೋಲಿಸಿ ನೋಡಿ. ಎರಡು ಸಾವಿರ ವರ್ಷಗಳ ಹಿಂದಿನ ಸೌವಿನ್ ಬಗ್ಗೆ ಯಾರೂ ಬರೆದಿಡಲಿಲ್ಲ. ಆದುದರಿಂದ ಇಂದು ಊಹೆಗಳೇ ಉಳಿದಿವೆ. ಎಂಬತ್ತು ತೊಂಬತ್ತು ವರ್ಷಗಳ ಹಿಂದಿನ ಹ್ಯಾಲೋವೀನ್ ಬಗ್ಗೆ ಮಕ್ಕಳು ಬರೆದಿಟ್ಟರು. ಆದುದರಿಂದ ಅದು ತಿಳಿದಿದೆ.

ಈ ಪಾಠ ನಮಗೂ ಅನ್ವಯಿಸುತ್ತದೆ. ನಮ್ಮ ಈ ಗಡಿನಾಡಿನ ಮನೆಗಳಲ್ಲಿ ಕನ್ನಡ, ತುಳು, ಮಲಯಾಳ, ಕೊಂಕಣಿ, ಮರಾಠಿ ಮಾತುಗಳು ಬೆರೆತಿವೆ, ಪದ್ಧತಿಗಳೂ ಬೆರೆತಿವೆ. ಆಟಿಯಲ್ಲಿ ಹಿರಿಯರಿಗೆ ಬಡಿಸುವ ಕ್ರಮ, ದೀಪಾವಳಿಯಂದು ಬಲೀಂದ್ರನನ್ನು ಕರೆಯುವ ಕ್ರಮ ಒಂದೊಂದು ಮನೆಯಲ್ಲಿ ಒಂದೊಂದು ಬಗೆ. ವಿದ್ವಾಂಸರು ಬರೆದ ಗ್ರಂಥಗಳಿವೆ, ನಿಜ. ಆದರೆ ನಿಮ್ಮ ಅಜ್ಜಿ ಬಲ್ಲ ವಿವರ ನಿಮ್ಮ ಅಜ್ಜಿಯಲ್ಲಿಯೇ ಇದೆ. ಅವರು ಹೋದ ಮೇಲೆ ಅದನ್ನು ಯಾವ ಗ್ರಂಥಾಲಯದಲ್ಲಿಯೂ ಹುಡುಕಲಾಗದು. ಹೊರಗಿನ ಹಬ್ಬವೊಂದನ್ನು ನೋಡಿ ನಗುವುದಾಗಲಿ ಕುರುಡಾಗಿ ಅನುಕರಿಸುವುದಾಗಲಿ ಬೇಡ, ಅದನ್ನು ತಿಳಿದುಕೊಳ್ಳೋಣ. ಜೊತೆಗೆ ನಮ್ಮದನ್ನೂ ಬರೆದಿಡೋಣ.

ಅಭ್ಯಾಸಕ್ಕೆ

1. ಹ್ಯಾಲೋವೀನ್ ಹಬ್ಬದ ಬಗ್ಗೆ ಈ ಲೇಖನದಲ್ಲಿ ಬಂದಿರುವ ಸಂಗತಿಗಳನ್ನು ‘ಬರಹದ ಆಧಾರವಿರುವುವು’, ‘ಊಹೆಗಳು’ ಎಂದು ಎರಡು ಪಟ್ಟಿ ಮಾಡಿರಿ.

2. ಭೂಪಟದಲ್ಲಿ ಡಬ್ಲಿನ್, ರೋಮ್, ಕ್ಲೂನಿ, ಫಿಲಡೆಲ್ಫಿಯ, ಮೆಕ್ಸಿಕೋ ಇವುಗಳನ್ನು ಗುರುತಿಸಿರಿ.

3. ನಿಮ್ಮ ಮನೆಯ ಅಥವಾ ನೆರೆಯ ಹಿರಿಯರೊಬ್ಬರನ್ನು ಕೇಳಿ, ಅವರ ಬಾಲ್ಯದಲ್ಲಿ ನಡೆಯುತ್ತಿದ್ದು ಈಗ ನಿಂತುಹೋದ ಒಂದು ಹಬ್ಬದ ಕ್ರಮವನ್ನು ಎರಡು ಪುಟಗಳಲ್ಲಿ ಬರೆಯಿರಿ. ಹೇಳಿದವರ ಹೆಸರು, ವಯಸ್ಸು, ಊರು, ಕೇಳಿದ ದಿನಾಂಕ ಇವನ್ನು ಬರೆಯಲು ಮರೆಯದಿರಿ. ಅವರ ಮಾತನ್ನು ಅವರ ಭಾಷೆಯಲ್ಲಿಯೇ ಕನ್ನಡ ಲಿಪಿಯಲ್ಲಿ ಬರೆದರೆ ಇನ್ನೂ ಉತ್ತಮ. ಹೆತ್ತವರು ಈ ಕೆಲಸದಲ್ಲಿ ಮಕ್ಕಳಿಗೆ ನೆರವಾಗಬೇಕಾಗಿ ವಿನಂತಿ.